ತಪ್ಪಲಾರದವರ ನಿಷ್ಠೆ

ನಮ್ಮ ಪ್ರಯೋಗಾಲಯದ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕಳೆದ ವರ್ಷ ಹೊಸ ಸಾಫ್ಟ್‌ವೇರ್ ಹಾಕಿದರು. ಅದರಲ್ಲಿ ಯಾವ ದಾಖಲೆಯನ್ನೂ ಅಳಿಸಲು ಬರುವುದಿಲ್ಲ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಸ್ಯಾಂಪಲ್ ಕೊಟ್ಟರು, ಬಂದ ಫಲಿತಾಂಶವನ್ನು ಆಮೇಲೆ ಯಾರು ಮುಟ್ಟಿದರು ಎನ್ನುವುದೆಲ್ಲ ತಂತಾನೇ ದಾಖಲಾಗಿ ಉಳಿಯುತ್ತದೆ. ಅಳವಡಿಸಲು ಬಂದಿದ್ದ ತಂತ್ರಜ್ಞರು ಇದನ್ನೆಲ್ಲ ವಿವರಿಸಿ ಮುಗಿಸಿದ ಮೇಲೆ ನಮ್ಮಲ್ಲೊಬ್ಬ, "ಹಾಗಾದರೆ ಇವತ್ತಿನಿಂದ ನಾವೆಲ್ಲ ಪ್ರಾಮಾಣಿಕರು" ಎಂದ. ಎಲ್ಲರೂ ನಕ್ಕೆವು.

ನಗುತ್ತಿರುವಾಗಲೇ ನನಗೆ ಅಪ್ಪ ನೆನಪಾದ. ಹಾಸನ ಜಿಲ್ಲೆಯ ನಮ್ಮೂರಿನ ಹಾಲಿನ ಡೇರಿಯಲ್ಲಿ ಅಪ್ಪ ಇಪ್ಪತ್ತೆಂಟು ವರ್ಷ ಸೆಕ್ರೆಟರಿಯಾಗಿದ್ದ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಸಾಲುಗಟ್ಟಿ ನಿಂತವರ ಹಾಲನ್ನು ಅಳೆದು, ಲ್ಯಾಕ್ಟೋಮೀಟರ್ ಅದ್ದಿ ನೋಡಿ, ಪುಸ್ತಕದಲ್ಲಿ ಕೈಯಾರೆ ಬರೆಯುತ್ತಿದ್ದ. ಆಮೇಲೊಂದು ದಿನ ಫ್ಯಾಟ್ ಮಷೀನು ಬಂತು. ಹಾಲು ಸುರಿದರೆ ತೂಕ, ಫ್ಯಾಟು, ದುಡ್ಡು ಎಲ್ಲ ಲೆಕ್ಕವಾಗಿ ಚೀಟಿ ಹೊರಬರುತ್ತಿತ್ತು. ಮೊದಲ ದಿನ ಸಾಲಿನಲ್ಲಿದ್ದ ಯಾರೋ ಖುಷಿಯಿಂದ, "ಇನ್ಮೇಲೆ ಯಾರೂ ಮೋಸ ಮಾಡಕ್ಕಾಗಲ್ಲ ಬಿಡಿ" ಅಂದರಂತೆ. ಅಪ್ಪನ ಮೇಲೆ ಅನುಮಾನದಿಂದ ಆಡಿದ ಮಾತಲ್ಲ ಅದು. ಆದರೂ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಸುಮ್ಮನೆ ಮುದ್ದೆ ಮುರಿಯುತ್ತ, "ಇಪ್ಪತ್ತೆಂಟು ವರ್ಷ ಮಾಡ್ಲಿಲ್ಲ ಅಂತಿದ್ದಿದ್ದು ಇವತ್ತು ಮಾಡಕ್ಕಾಗಲ್ಲ ಅಂತ ಆಯ್ತು ನೋಡು" ಎಂದಿದ್ದ.

ಮಾಡಲಿಲ್ಲ ಎನ್ನುವುದಕ್ಕೂ ಮಾಡಲಾಗುವುದಿಲ್ಲ ಎನ್ನುವುದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸವಿಲ್ಲ. ಎರಡರಲ್ಲೂ ಹಾಲಿನ ಲೆಕ್ಕ ಸರಿಯಾಗಿಯೇ ಇರುತ್ತದೆ. ಹಾಗಿದ್ದೂ ಅಪ್ಪನಿಗೆ ಏನೋ ಕಳೆದುಕೊಂಡಂತೆ ಅನ್ನಿಸಿತ್ತು. ಅವನು ಕಳೆದುಕೊಂಡದ್ದು ಏನು? ತಪ್ಪಲು ಸಾಧ್ಯವೇ ಇಲ್ಲದವರ ನಿಷ್ಠೆಯನ್ನು ನಿಷ್ಠೆ ಎನ್ನಬಹುದೇ? ಈ ಪ್ರಶ್ನೆಯನ್ನು ನಾನು ತತ್ವಶಾಸ್ತ್ರದ ತರಗತಿಯಲ್ಲಿ ಕಲಿತವಳಲ್ಲ. ನಾನು ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಐದು ವರ್ಷದಿಂದ ನಾನು ತಯಾರಿಸುತ್ತಿರುವ ಒಂದು ಬಗೆಯ ಅಮೈನೋ ಆಮ್ಲಗಳು ದಿನವೂ ಇದೇ ಪ್ರಶ್ನೆಯನ್ನು ನನ್ನ ಮುಂದಿಡುತ್ತವೆ. ಹಾಗಾಗಿ ಮೊದಲು ಅವುಗಳ ವಿಷಯ ಹೇಳಬೇಕು.

*

ನಿಮ್ಮ ಎರಡೂ ಕೈಗಳನ್ನು ನೋಡಿಕೊಳ್ಳಿ. ಬೆರಳುಗಳು ಅವೇ, ಅಳತೆ ಅದೇ. ಆದರೆ ಬಲಗೈಗೆ ಹೊಲಿದ ಗವಸು ಎಡಗೈಗೆ ಆಗುವುದಿಲ್ಲ. ಒಂದು ಇನ್ನೊಂದರ ಕನ್ನಡಿಯ ಬಿಂಬ. ಅಣುಗಳಲ್ಲೂ ಹೀಗೆ ಎಡ ಬಲದ ಭೇದವಿದೆ. ಅದಕ್ಕೆ ಕೈರಾಲಿಟಿ ಎನ್ನುತ್ತಾರೆ. ಕೈ ಎಂಬ ಅರ್ಥದ ಗ್ರೀಕ್ ಪದದಿಂದ ಲಾರ್ಡ್ ಕೆಲ್ವಿನ್ 19ನೇ ಶತಮಾನದ ಕೊನೆಗೆ ಈ ಹೆಸರು ಕಟ್ಟಿದ. ಪಿಯುಸಿಯಲ್ಲಿ ಮೊದಲ ಸಲ ಕೇಳಿದಾಗ ನಾನಂತೂ ಇದು ನಮ್ಮ ಕನ್ನಡದ ಕೈಯೇ ಎಂದುಕೊಂಡಿದ್ದೆ. ಅದು ಬರೀ ಆಕಸ್ಮಿಕ. ಆದರೆ ಒಮ್ಮೆ ಹಾಗೆ ನೆನಪಿಟ್ಟುಕೊಂಡವರು ಆಮೇಲೆ ಮರೆಯುವುದಿಲ್ಲ.

ನಮ್ಮ ದೇಹದ ಪ್ರೋಟೀನುಗಳು ಅಮೈನೋ ಆಮ್ಲಗಳ ಸರಪಳಿಗಳು. ಅಂಥ ಚಿಕ್ಕ ಸರಪಳಿಗೆ ಪೆಪ್ಟೈಡ್ ಎಂದು ಹೆಸರು. ಪ್ರತಿಯೊಂದು ಅಮೈನೋ ಆಮ್ಲದ ನಡುವೆ ಒಂದು ಇಂಗಾಲದ ಪರಮಾಣು ಇರುತ್ತದೆ. ಅದಕ್ಕೆ ನಾಲ್ಕು ಬಂಧಗಳು. ಒಂದು ಬಂಧ ಅಮೈನೋ ಗುಂಪಿಗೆ, ಒಂದು ಆಮ್ಲದ ಗುಂಪಿಗೆ, ಒಂದು ಆ ಅಮೈನೋ ಆಮ್ಲದ ಸ್ವಂತ ಗುರುತಾದ ಪಕ್ಕಸರಪಳಿಗೆ. ನಾಲ್ಕನೆಯದು ಒಂದು ಜಲಜನಕಕ್ಕೆ. ನಾಲ್ಕೂ ಬೇರೆಬೇರೆಯಾಗಿರುವುದರಿಂದ ಈ ಇಂಗಾಲಕ್ಕೆ ಎಡ ಬಲಗಳೆಂಬ ಎರಡು ರೂಪಗಳು ಸಾಧ್ಯ. ಗ್ಲೈಸಿನ್ ಒಂದನ್ನು ಬಿಟ್ಟರೆ ನಮ್ಮ ಪ್ರೋಟೀನುಗಳಲ್ಲಿರುವ ಎಲ್ಲವೂ ಕೈರಲ್, ಎಲ್ಲವೂ 'ಎಲ್' ಎಂದು ಕರೆಯುವ ಒಂದೇ ಬದಿಯವು.

ಈ ನಾಲ್ಕರಲ್ಲಿ ಅತಿ ಚಿಕ್ಕದು ಜಲಜನಕ. ಅಣುವಿನ ದೌರ್ಬಲ್ಯವಿರುವುದು ಅಲ್ಲೇ. ಕಾಲ, ಶಾಖ, ಕ್ಷಾರ ಇವುಗಳ ಒತ್ತಡಕ್ಕೆ ಅದು ಕಳಚಿಕೊಳ್ಳಬಲ್ಲದು. ಕಳಚಿದ ಕ್ಷಣದಲ್ಲಿ ಇಂಗಾಲ ಚಪ್ಪಟೆಯಾಗುತ್ತದೆ, ಅದಕ್ಕೆ ಎಡವೂ ಇಲ್ಲ ಬಲವೂ ಇಲ್ಲ. ಜಲಜನಕ ಮತ್ತೆ ಬಂದು ಸೇರುವಾಗ ಮೊದಲಿನ ಬದಿಯಿಂದಲೇ ಬರಬೇಕೆಂಬ ನಿಯಮವಿಲ್ಲ. ಹೀಗೆ ಒಂದೊಂದೇ ಅಣು ಬದಿ ಬದಲಿಸುತ್ತ ಹೋಗಿ, ಸಾಕಷ್ಟು ಕಾಲ ಕೊಟ್ಟರೆ, ಕೊನೆಗೆ ಎಡ ಬಲ ಎರಡೂ ಸಮ ಸಮ ಆಗಿಬಿಡುತ್ತವೆ. ಇದು ರೆಸಿಮೈಸೇಷನ್.

ಇದು ನಮ್ಮ ಬಾಯಲ್ಲೇ ನಡೆಯುತ್ತಿರುತ್ತದೆ. ಹಲ್ಲಿನ ಒಳಪದರವಾದ ಡೆಂಟಿನ್‌ನ ಪ್ರೋಟೀನು ಒಮ್ಮೆ ಕಟ್ಟಿದ ಮೇಲೆ ಮತ್ತೆ ಹೊಸದಾಗುವುದಿಲ್ಲ. ಅದರಲ್ಲಿರುವ ಆಸ್ಪಾರ್ಟಿಕ್ ಆಮ್ಲ ವರ್ಷಕ್ಕೆ ಸುಮಾರು ಶೇ. 0.1ರಷ್ಟು ಬದಿ ಬದಲಿಸುತ್ತದೆ. ಗುರುತು ಸಿಗದ ಶವದ ವಯಸ್ಸನ್ನು ವಿಧಿವಿಜ್ಞಾನಿಗಳು ಒಂದು ಹಲ್ಲಿನಿಂದ ಅಂದಾಜು ಮಾಡುವ ವಿಧಾನಗಳಲ್ಲಿ ಇದೂ ಒಂದು. ಆದರೆ ದೇಹದ ಹೆಚ್ಚಿನ ಭಾಗಗಳಲ್ಲಿ ಹಳೆಯ ಪ್ರೋಟೀನನ್ನು ಒಡೆದು ಹೊಸದನ್ನು ಕಟ್ಟುವ ಕೆಲಸ ನಿಲ್ಲುವುದೇ ಇಲ್ಲ. ಕೆಟ್ಟ ಆಸ್ಪಾರ್ಟಿಕ್ ಕೊಂಡಿಗಳನ್ನು ಹುಡುಕಿ ದುರಸ್ತಿಗೆ ಹಚ್ಚುವ ಕಿಣ್ವವೇ ಒಂದಿದೆ. ಅಂದರೆ ಜೀವ ತನ್ನ ಬದಿಯನ್ನು ಉಳಿಸಿಕೊಂಡಿರುವುದು ತಪ್ಪಲಾಗದ್ದರಿಂದಲ್ಲ. ತಪ್ಪುವ ಸಾಧ್ಯತೆಯನ್ನು ಒಳಗಿಟ್ಟುಕೊಂಡೇ ದಿನವೂ ಸರಿಪಡಿಸಿಕೊಳ್ಳುತ್ತಿರುವುದರಿಂದ. ಈ ಕೆಲಸ ನಿಂತ ದಿನಕ್ಕೆ ಸಾವು ಎಂದು ಹೆಸರು.

*

ಈಗ ಆ ಜಲಜನಕವನ್ನು ತೆಗೆದು ಅಲ್ಲಿ ಇನ್ನೊಂದು ಇಂಗಾಲದ ಗುಂಪನ್ನು, ಉದಾಹರಣೆಗೆ ಒಂದು ಮೀಥೈಲನ್ನು, ಕೂರಿಸಿದರೆ? ಇಂಗಾಲಕ್ಕೂ ಇಂಗಾಲಕ್ಕೂ ಇರುವ ಬಂಧ ಅಷ್ಟು ಸುಲಭಕ್ಕೆ ಕಳಚದು. ಆ ಅಣು ಇನ್ನು ಬದಿ ಬದಲಿಸಲಾರದು. ಇವೇ ನಾನು ತಯಾರಿಸುವ ದ್ವಿಪರ್ಯಾಯ ಅಮೈನೋ ಆಮ್ಲಗಳು. ನಡುವಿನ ಇಂಗಾಲದ ಮೇಲೆ ಎರಡು ಪಕ್ಕಸರಪಳಿಗಳಿರುವಂಥವು. ಎರಡೂ ಒಂದೇ ಆಗಿದ್ದರೆ ಅಣುವಿಗೆ ಎಡ ಬಲ ಇರುವುದಿಲ್ಲ. ಎರಡು ಮೀಥೈಲುಗಳಿರುವ, ನಾವು ಚಿಕ್ಕದಾಗಿ ಎಐಬಿ ಎನ್ನುವ ಅಮೈನೋ ಆಮ್ಲ ಅಂಥದ್ದು. ಎರಡೂ ಬೇರೆಬೇರೆಯಾಗಿದ್ದರೆ ಕೈರಾಲಿಟಿ ಉಳಿಯುತ್ತದೆ, ಅದೂ ಬೀಗ ಹಾಕಿದ ಹಾಗೆ.

ಇವು ಮನುಷ್ಯನ ಕಲ್ಪನೆಯಷ್ಟೇ ಅಲ್ಲ. ನಮ್ಮೂರ ಕಡೆ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಇದೆಯಲ್ಲ, ಅದರ ಜಾತಿಯವು ಎಐಬಿ ಮತ್ತು ಐಸೋವ್ಯಾಲಿನ್ ತುಂಬಿದ ಪೆಪ್ಟೈಡುಗಳನ್ನು ತಾವೇ ಕಟ್ಟುತ್ತವೆ. ಅಂಥ ಕೆಲವು ಪೆಪ್ಟೈಡುಗಳು ಜೀವಕೋಶದ ಪೊರೆಯಲ್ಲಿ ತೂತು ಕೊರೆಯಬಲ್ಲವು. ಇಂಥ ಅಮೈನೋ ಆಮ್ಲವೊಂದು ಸರಪಳಿಯೊಳಗೆ ಕೂತರೆ ಸರಪಳಿಗೆ ಬೇಕಾದಂತೆ ತಿರುಗಲು ಜಾಗ ಇರುವುದಿಲ್ಲ. ಪೆಪ್ಟೈಡ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದ್ದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ಪಿ. ಬಲರಾಮ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಎಐಬಿ ಪೆಪ್ಟೈಡುಗಳನ್ನು ಕಟ್ಟಿ, ಹರಳು ಮಾಡಿ ನೋಡಿದರು. ರಾಮಚಂದ್ರನ್ ನಕ್ಷೆಯ ವಿಶಾಲ ಜಾಗದಲ್ಲಿ ಎಐಬಿಗೆ ಉಳಿಯುವುದು ಸುರುಳಿ ಆಕಾರದ ಒಂದೆರಡು ಮೂಲೆಗಳು ಮಾತ್ರ. ಚಿಕ್ಕ ಸರಪಳಿಯೂ ಗಟ್ಟಿಯಾಗಿ ಸುರುಳಿ ಸುತ್ತಿ ನಿಂತುಬಿಡುತ್ತದೆ.

ಬಾಗದ್ದಕ್ಕೆ ಔಷಧ ಪ್ರಪಂಚದಲ್ಲಿ ಬೆಲೆ ಹೆಚ್ಚು. ಊಟವಾದ ಮೇಲೆ ನಮ್ಮ ಕರುಳಿನಿಂದ ಬರುವ ಜಿಎಲ್‌ಪಿ-1 ಎಂಬ ಹಾರ್ಮೋನು ರಕ್ತದಲ್ಲಿ ಎರಡು ಮೂರು ನಿಮಿಷವೂ ಉಳಿಯುವುದು ಕಷ್ಟ, ಕಿಣ್ವವೊಂದು ಬಂದು ಕತ್ತರಿಸುತ್ತದೆ. ಕತ್ತರಿ ಬೀಳುವ ಆ ಜಾಗದ ಅಲನೈನನ್ನು ತೆಗೆದು ಎಐಬಿ ಇಟ್ಟರೆ ಕಿಣ್ವಕ್ಕೆ ಹಿಡಿತ ಸಿಗುವುದಿಲ್ಲ. ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ವಾರಕ್ಕೊಂದೇ ಇಂಜೆಕ್ಷನ್ ಆಗಿರುವುದರ ಹಿಂದೆ ಇದೂ ಒಂದು ಕಾರಣ. ಉದ್ದನೆಯ ಕೊಬ್ಬಿನ ಬಾಲ ಇನ್ನೊಂದು. ಕೈರಲ್ ಆಗಿರುವ ಬಗೆಗೆ ಉದಾಹರಣೆ ಬೇಕೆಂದರೆ, 2000ದಲ್ಲಿ ಅಮೆರಿಕದ ಗ್ರೆಗರಿ ವರ್ಡೀನ್ ಗುಂಪು ಇಂಥ ಎರಡು ಅಮೈನೋ ಆಮ್ಲಗಳ ಪಕ್ಕಸರಪಳಿಗಳನ್ನು ಒಂದಕ್ಕೊಂದು ಹೆಣೆದು ಸುರುಳಿಗೆ ಸ್ಟೇಪಲ್ ಹೊಡೆದಂತೆ ಬಿಗಿದುಬಿಟ್ಟಿತು. ಬಸುರಿಯರ ರಕ್ತದೊತ್ತಡಕ್ಕೆ ಇಂದಿಗೂ ಕೊಡುವ ಮೀಥೈಲ್‌ಡೋಪಾ ಪೆಪ್ಟೈಡ್ ಅಲ್ಲದಿದ್ದರೂ ಇದೇ ಕುಲದ್ದು.

ನಿಷ್ಠೆಯ ದೃಷ್ಟಿಯಿಂದ ಇವಕ್ಕೆಲ್ಲ ಕಿರೀಟವಿಟ್ಟಂಥದ್ದು ಒಂದು ಕಲ್ಲು. 1969ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ ಉಲ್ಕಾಶಿಲೆ ಬಿತ್ತು. ವಯಸ್ಸು ಸುಮಾರು 460 ಕೋಟಿ ವರ್ಷ. ಅದರೊಳಗೆ ಅಮೈನೋ ಆಮ್ಲಗಳು ಸಿಕ್ಕವು. 1997ರಲ್ಲಿ ಕ್ರೋನಿನ್ ಮತ್ತು ಪಿಝರೆಲ್ಲೋ ಎಂಬ ವಿಜ್ಞಾನಿಗಳು ಅದರಲ್ಲಿನ ಐಸೋವ್ಯಾಲಿನ್ ಮುಂತಾದವು ಎಡ ಬಲ ಸಮವಾಗಿಲ್ಲ, ನಮ್ಮ ಎಲ್ ಬದಿಗೇ ಸ್ವಲ್ಪ ವಾಲಿವೆ ಎಂದು ತೋರಿಸಿದರು. ಜಲಜನಕವಿರುವ ಅಮೈನೋ ಆಮ್ಲಗಳಲ್ಲಿ ಅಂಥ ವಾಲಿಕೆ ಹುಟ್ಟಿದ್ದರೂ ಕಾಲಾಂತರದಲ್ಲಿ ಅಳಿಸಿಹೋಗಬಹುದಿತ್ತು. ಇವು ಮರೆಯಲಾರದ್ದರಿಂದ ಮರೆಯಲಿಲ್ಲ.

*

ಮರೆಯಲಾರದ್ದರಿಂದ ಮರೆಯಲಿಲ್ಲ. ಈ ವಾಕ್ಯವನ್ನು ಮೊದಲು ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಾಗ ಹೆಮ್ಮೆಯಿಂದಲೇ ಬರೆದಿದ್ದೆ. ಆಮೇಲೆ ಓದಿದಾಗ ಅಪ್ಪನ ಮಾತಿನ ಹಾಗೆ ಕೇಳಿಸಿತು. 460 ಕೋಟಿ ವರ್ಷ ತನ್ನ ಬದಿ ಬಿಡದ ಐಸೋವ್ಯಾಲಿನ್ ದೊಡ್ಡದೋ, ದಿನವೂ ಜಾರುತ್ತ ದಿನವೂ ಸರಿಪಡಿಸಿಕೊಳ್ಳುವ ಜೀವದ ಅಲನೈನ್ ದೊಡ್ಡದೋ?

ನಮ್ಮ ಗೋವಿನ ಹಾಡಿನ ಉತ್ತರ ಸ್ಪಷ್ಟವಾಗಿದೆ. ಪುಣ್ಯಕೋಟಿಯನ್ನು ಹುಲಿ ಹಗ್ಗ ಕಟ್ಟಿ ಕಳಿಸಲಿಲ್ಲ. ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದ ಮೇಲೆ ದೊಡ್ಡಿಯಲ್ಲೇ ಉಳಿದುಬಿಡಲು ಅವಳಿಗೆ ಏನೂ ಅಡ್ಡಿಯಿರಲಿಲ್ಲ. ಉಳಿಯಬಹುದಾಗಿದ್ದೂ ಬಂದಳು ಎನ್ನುವುದಕ್ಕೇ ಅದು ಹಾಡಾಯಿತು. ಕೊರಳಲ್ಲಿ ಹಗ್ಗವಿದ್ದು ಬಂದಿದ್ದರೆ ಅದು ಹುಲಿಯ ಊಟದ ವರದಿ ಅಷ್ಟೆ. ಜರ್ಮನಿಯ ಕಾಂಟ್ 1785ರ ತನ್ನ ಪುಸ್ತಕದಲ್ಲಿ ಇನ್ನೊಂದು ದಾರಿಯಿಂದ ಹತ್ತಿರದ ಜಾಗಕ್ಕೇ ಬರುತ್ತಾನೆ. ಕೆಟ್ಟದ್ದರ ಕಡೆ ವಾಲಲು ಸಾಧ್ಯವೇ ಇಲ್ಲದ ಪವಿತ್ರ ಸಂಕಲ್ಪವೊಂದಿದ್ದರೆ, ಅದಕ್ಕೆ 'ಹೀಗೆ ಮಾಡಬೇಕು' ಎಂಬ ಮಾತೇ ಅನ್ವಯಿಸುವುದಿಲ್ಲ. ಕರ್ತವ್ಯ ಎನ್ನುವುದು ಜಾರಬಲ್ಲವರಿಗೆ ಮಾತ್ರ.

ಇಲ್ಲಿಗೇ ಮುಗಿಸಿದ್ದರೆ ಪ್ರಬಂಧ ಸುಲಭವಾಗುತ್ತಿತ್ತು. ಆಯ್ಕೆಯಿಂದ ಬಂದ ನಿಷ್ಠೆಯೇ ಮೇಲು, ಯಂತ್ರದ ನಿಷ್ಠೆ ಕೀಳು ಎಂದು ಬರೆದು ಸಹಿ ಹಾಕಬಹುದಿತ್ತು. ಆದರೆ ನನ್ನದೇ ಶಾಸ್ತ್ರದ ಚರಿತ್ರೆ ಅದಕ್ಕೆ ಅಡ್ಡ ಬರುತ್ತದೆ.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆ ಮಾರುಕಟ್ಟೆಗೆ ಬಂತು. ಬಸುರಿನ ವಾಕರಿಕೆಗೂ ಕೊಟ್ಟರು. ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಅಂಗಗಳು ಬೆಳೆಯದೆ ಹುಟ್ಟಿದವು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದರು. ಆ ಮಾತ್ರೆಯಲ್ಲಿ ಅಣುವಿನ ಎರಡೂ ರೂಪಗಳು ಬೆರೆತಿದ್ದವು. ಹಾನಿ ಮಾಡಿದ್ದು ಒಂದು ರೂಪ, ಅದನ್ನು ಬೇರ್ಪಡಿಸಿ ಇನ್ನೊಂದನ್ನಷ್ಟೇ ಕೊಟ್ಟಿದ್ದರೆ ಅನಾಹುತ ತಪ್ಪುತ್ತಿತ್ತು ಎಂದು ತರಗತಿಗಳಲ್ಲಿ ಹೇಳುವುದುಂಟು. ತಪ್ಪುತ್ತಿರಲಿಲ್ಲ. ಥಾಲಿಡೊಮೈಡಿನ ಕೈರಲ್ ಇಂಗಾಲದ ಮೇಲೂ ಸುಲಭಕ್ಕೆ ಕಳಚುವ ಒಂದು ಜಲಜನಕವಿದೆ. ಎಷ್ಟೇ ಶುದ್ಧವಾದ ಒಂದು ರೂಪವನ್ನು ಕೊಟ್ಟರೂ ದೇಹದೊಳಗೆ ಕೆಲವೇ ಗಂಟೆಗಳಲ್ಲಿ ಅದು ಇನ್ನೊಂದೂ ಆಗಿಬಿಡುತ್ತದೆ.

ಆ ತಾಯಂದಿರ ಮುಂದೆ ನಿಂತು ಜಾರುವ ಸ್ವಾತಂತ್ರ್ಯದ ಹಿರಿಮೆಯನ್ನು ಯಾರು ಹೇಳಿಯಾರು? ಮಾತ್ರೆ ನುಂಗುವವಳಿಗೆ ಬೇಕಿರುವುದು ಪುಣ್ಯಕೋಟಿಯಲ್ಲ, ಬದಿ ಬದಲಿಸಲಾರದ ಅಣು. ಡೇರಿಗೆ ಅರ್ಧ ಲೀಟರು ಹಾಲು ಹಾಕುವವಳಿಗೆ ಬೇಕಿರುವುದೂ ಸೆಕ್ರೆಟರಿಯ ಹೃದಯದ ಕಥೆಯಲ್ಲ, ಸರಿಯಾದ ಚೀಟಿ. ನಂಬುವವರ ಕಡೆಯಿಂದ ನೋಡಿದರೆ 'ಮಾಡಲಾಗುವುದಿಲ್ಲ' ಎನ್ನುವುದು 'ಮಾಡಲಿಲ್ಲ' ಎನ್ನುವುದಕ್ಕಿಂತ ದೊಡ್ಡ ಭರವಸೆ. ನನ್ನ ಗುಣವನ್ನು ತೋರಿಸಿಕೊಳ್ಳಲು ನನಗೆ ಅವಕಾಶ ಬೇಕು ಎನ್ನುವುದಕ್ಕೋಸ್ಕರ ಇನ್ನೊಬ್ಬರ ಕ್ಷೇಮವನ್ನು ಅನಿಶ್ಚಯದಲ್ಲಿಡುವುದು ಒಂದು ಬಗೆಯ ಸ್ವಾರ್ಥವೇ.

*

ಹಾಗಾದರೆ ಪ್ರಶ್ನೆ ಬಗೆಹರಿಯಿತೇ? ಎಲ್ಲ ಕಡೆಯಿಂದಲೂ ಆ ಜಲಜನಕವನ್ನು ಕಿತ್ತುಹಾಕಿದರೆ ಸಾಕೇ? ನನಗೆ ಹಾಗನ್ನಿಸದಿರಲು ಎರಡು ಕಾರಣಗಳಿವೆ. ಒಂದು, ಈ ಅಣುಗಳನ್ನು ಮಾಡುವ ರೀತಿ. ಇನ್ನೊಂದು, ಅವನ್ನು ಮಾಡುವಾಗ ನಾನು ನಡೆದುಕೊಂಡ ರೀತಿ.

ಬದಿ ಬದಲಿಸಲಾರದ ಅಣುವನ್ನು ಕಟ್ಟಲು ನಾವು ಶುರುಮಾಡುವುದು ಬದಲಿಸಬಲ್ಲ ಅಣುವಿನಿಂದಲೇ. ನನ್ನ ಕೆಲಸದಲ್ಲಿ ಅದು ಎಲ್-ಅಲನೈನ್. ಅದರ ಜಲಜನಕವನ್ನು ಕೀಳಲೇಬೇಕು, ಕಿತ್ತರೆ ಇಂಗಾಲ ಚಪ್ಪಟೆಯಾಗಿ ಬದಿಯ ನೆನಪೇ ಹೋಗಿಬಿಡುತ್ತದೆ. ಈ ಇಕ್ಕಟ್ಟಿಗೆ ಝೂರಿಕ್‌ನ ಡೀಟರ್ ಝೇಬಾಕ್ 1980ರ ದಶಕದಲ್ಲಿ ಒಂದು ಚಂದದ ದಾರಿ ತೋರಿಸಿದರು. ಮೊದಲು ಅಲನೈನನ್ನು ಒಂದು ಉಂಗುರದೊಳಗೆ ಕೂರಿಸುವುದು. ಹಾಗೆ ಮಾಡುವಾಗ ಉಂಗುರದಲ್ಲಿ ಪಕ್ಕದಲ್ಲೇ ಇನ್ನೊಂದು ಕೈರಲ್ ಕೇಂದ್ರ ಹುಟ್ಟುತ್ತದೆ. ಅದರ ಬದಿಯನ್ನು ನಿರ್ಧರಿಸುವುದು ಅಲನೈನೇ. ಅಂದರೆ ಅಲನೈನು ತನ್ನ ನೆನಪನ್ನು ನೆರೆಯವನಲ್ಲಿ ಇಟ್ಟ ಹಾಗೆ. ಆಮೇಲೆ ಡ್ರೈ ಐಸ್ ಮತ್ತು ಅಸಿಟೋನಿನ ಮೈನಸ್ 78 ಡಿಗ್ರಿ ಚಳಿಯಲ್ಲಿ ಬಲವಾದ ಕ್ಷಾರ ಹಾಕಿ ಜಲಜನಕವನ್ನು ಕೀಳುತ್ತೇವೆ. ಅಲನೈನಿನ ಕೇಂದ್ರ ಚಪ್ಪಟೆಯಾಗುತ್ತದೆ. ಆದರೆ ನೆರೆಯವನು ಒಂದು ಬದಿಗೆ ಅಡ್ಡ ನಿಂತಿರುತ್ತಾನೆ. ಹೊಸ ಗುಂಪು ಬರಬೇಕೆಂದರೆ ಇನ್ನೊಂದು ಬದಿಯಿಂದಲೇ, ಅಂದರೆ ಮೊದಲು ಜಲಜನಕ ಇದ್ದ ಬದಿಯಿಂದಲೇ ಬರಬೇಕು. ಅದು ಕೂತ ಮೇಲೆ ಉಂಗುರವನ್ನು ಒಡೆದು ನೆರೆಯವನನ್ನು ಕಳಿಸಿಬಿಡುತ್ತೇವೆ. ಉಳಿಯುವುದು ಮತ್ತೆಂದೂ ತಪ್ಪಲಾರದ ಅಣು.

ಅದರ ಚರಿತ್ರೆಯಲ್ಲಿ ತನ್ನದೆನ್ನುವ ಬದಿಯೇ ಇಲ್ಲದ ಒಂದು ಗಳಿಗೆ ಇತ್ತು, ಆಗ ಅದನ್ನು ಉಳಿಸಿದ್ದು ಪಕ್ಕದವರ ನೆನಪು ಎನ್ನುವುದು ಮುಗಿದ ಅಣುವನ್ನು ನೋಡಿದವರಿಗೆ ಗೊತ್ತಾಗುವುದಿಲ್ಲ.

ಈಗ ನನ್ನ ಮಾತು. ಇದೇ ದಾರಿಯಲ್ಲಿ ನಾನು ಆಲ್ಫಾ-ಮೀಥೈಲ್ ಫೀನೈಲಲನೈನ್ ಮಾಡುತ್ತಿದ್ದೆ. ಎಡ ಬಲಗಳಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ನಾವು ಇಇ ಎಂಬ ಶೇಕಡಾ ಅಂಕಿಯಲ್ಲಿ ಹೇಳುತ್ತೇವೆ. ಮೊದಲ ಬ್ಯಾಚಿಗೆ 97 ಬಂತು. ಕುಣಿದಾಡಿದೆ. ಆಮೇಲೆ ಮಾಡಿದ ಮೂರು ಬ್ಯಾಚುಗಳಿಗೆ 91, 92, 91. ಕೇಳಲು ಚಿಕ್ಕ ವ್ಯತ್ಯಾಸ. ಆದರೆ 91 ಎಂದರೆ ನೂರರಲ್ಲಿ 95.5 ಅಣು ಸರಿಯಾದ ಬದಿಯವು, 4.5 ತಪ್ಪು ಬದಿಯವು. ಇದನ್ನು ಒಂದು ಪೆಪ್ಟೈಡಿನಲ್ಲಿ ಐದು ಕಡೆ ಹಾಕಿದರೆ ಎಲ್ಲ ಐದೂ ಸರಿಯಾಗಿರುವ ಸರಪಳಿಗಳು ನೂರಕ್ಕೆ ಸುಮಾರು 79 ಮಾತ್ರ. 97 ಆಗಿದ್ದರೆ ಸುಮಾರು 93.

ಪ್ರಬಂಧದ ಕರಡಿನಲ್ಲಿ ನಾನು 97 ಎಂದು ಬರೆದೆ.

ಅದು ಸುಳ್ಳಲ್ಲ ಎನ್ನುವುದನ್ನು ಗಮನಿಸಿ. ಯಂತ್ರ ಕೊಟ್ಟ ಅಂಕಿಯೇ ಅದು. ಹೊಸ ಸಾಫ್ಟ್‌ವೇರಿನಲ್ಲಿ ನಾಲ್ಕೂ ಓಟಗಳು ತಾರೀಕು, ಗಂಟೆ ಸಮೇತ ಭದ್ರವಾಗಿದ್ದವು. ನಾನು ಏನನ್ನೂ ಅಳಿಸಬೇಕಾಗಿರಲಿಲ್ಲ, ತಿದ್ದಬೇಕಾಗಿರಲಿಲ್ಲ. ಆರಿಸಿದರೆ ಸಾಕಿತ್ತು. ಸೀನಿಯರೊಬ್ಬರನ್ನು ಸುತ್ತಿಬಳಸಿ ಕೇಳಿದೆ. "ಎಲ್ಲರೂ ಒಳ್ಳೆಯ ರಿಸಲ್ಟನ್ನೇ ತಾನೆ ಕೊಡೋದು" ಎಂದರು. ಯಾವ ದಾಖಲೆಯನ್ನೂ ಅಳಿಸಲಾಗದ ಯಂತ್ರದ ಪಕ್ಕದಲ್ಲಿ ಕೂತೇ ನಾನು ಎರಡು ವಾರ ಆ 97ನ್ನು ಹಾಗೇ ಬಿಟ್ಟೆ. ಯಂತ್ರ ಕಿತ್ತ ಜಲಜನಕ ಇನ್ನೊಂದು ಕಡೆ, ಯಂತ್ರದ ಕಣ್ಣು ಬೀಳದ ಕಡೆ, ಉಳಿದುಕೊಂಡಿತ್ತು.

ಅದೇ ಹೊತ್ತಿಗೆ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ನನ್ನ ನೋಟ್‌ಬುಕ್ ನೋಡಿಕೊಂಡು ಇದೇ ಅಣುವನ್ನು ಮಾಡುತ್ತಿದ್ದಳು. ಅವಳಿಗೆ 90 ಬಂತು. ಮತ್ತೆ ಮಾಡಿದಳು. ಮತ್ತೆ 91. ಒಂದು ಭಾನುವಾರ ಮಧ್ಯಾಹ್ನ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ಫ್ಲಾಸ್ಕು ತೊಳೆಯುತ್ತಿದ್ದವಳು ನನ್ನ ಕಡೆ ತಿರುಗದೆಯೇ, "ಅಕ್ಕ, ನಿಮಗೆ 97 ಬರುತ್ತೆ, ನನಗೆ ಬರಲ್ಲ. ನನ್ನ ಕೈಗುಣವೇ ಇಷ್ಟು ಅನ್ಸುತ್ತೆ" ಎಂದಳು.

ಅಡುಗೆಗೂ ವೈದ್ಯಕ್ಕೂ ಹೇಳುವ ಮಾತು ಅದು. ನನಗೆ ನಾಚಿಕೆಯಾಯಿತು. ನಾನು ಆರಿಸಿಕೊಂಡ ಒಂದು ಅಂಕಿ ಬರೀ ನನ್ನ ಪ್ರಬಂಧದಲ್ಲಿ ಕೂತಿರಲಿಲ್ಲ. ಒಬ್ಬ ಹುಡುಗಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯನ್ನೇ ಅದು ತಿನ್ನುತ್ತಿತ್ತು. ತಪ್ಪಿನ ಬೆಲೆ ಯಾವಾಗಲೂ ತಪ್ಪು ಮಾಡಿದವರ ಖಾತೆಗೇ ಬೀಳುವುದಿಲ್ಲ. "ಇಲ್ಲ, ನನಗೂ 91 ಬಂದಿದೆ. ಮೂರು ಸಲ" ಎಂದೆ. ಇಷ್ಟು ಹೇಳಲು ನನಗೆ ಎರಡು ವಾರ ಬೇಕಾಯಿತು. ಅವಳು ಕೋಪ ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ಮೊದಲನೇ ಸಲ ಏನು ಬೇರೆ ಮಾಡಿದ್ರಿ?" ಎಂದು ಕೇಳಿದಳು. ಹದಿನಾಲ್ಕು ದಿನದಲ್ಲಿ ನನಗೆ ಒಮ್ಮೆಯೂ ಹೊಳೆಯದ ಪ್ರಶ್ನೆ. ಯಾಕೆಂದರೆ 97ನ್ನು ಕಾಪಾಡುವುದರಲ್ಲಿ ಮುಳುಗಿದ್ದವಳಿಗೆ 91ನ್ನು ನೋಡುವ ಧೈರ್ಯವಿರಲಿಲ್ಲ.

ಇಬ್ಬರೂ ನೋಟ್‌ಬುಕ್ ತಿರುವಿದೆವು. ಮೊದಲ ಬ್ಯಾಚಿನಲ್ಲಿ ನಾನು ಉಂಗುರದ ಅಣುವನ್ನು ಹರಳಾಗಲು ಫ್ರಿಜ್ಜಿನಲ್ಲಿಟ್ಟು ದೀಪಾವಳಿಗೆ ಊರಿಗೆ ಹೋಗಿದ್ದೆ. ನಾಲ್ಕು ದಿನ ನಿಧಾನವಾಗಿ ಹರಳುಗಟ್ಟಿತ್ತು. ಆಮೇಲಿನ ಬ್ಯಾಚುಗಳಲ್ಲಿ ಅವಸರಕ್ಕೆ ಒಂದೇ ರಾತ್ರಿ. ಉಂಗುರ ಕಟ್ಟುವಾಗ ನೆರೆಯ ಕೇಂದ್ರ ಹೆಚ್ಚಾಗಿ ಒಂದೇ ಬದಿಗೆ ಕೂರುತ್ತದಾದರೂ ಸ್ವಲ್ಪ ಪಾಲು ವಿರುದ್ಧ ಬದಿಗೂ ಕೂರುತ್ತದೆ. ನಿಧಾನದ ಹರಳು ಅದನ್ನು ಹೊರಗೆ ಬಿಟ್ಟಿತ್ತು, ಅವಸರದ್ದು ಒಳಗೆ ಸೇರಿಸಿಕೊಂಡಿತ್ತು. ನೆನಪಿಟ್ಟುಕೊಳ್ಳಬೇಕಾದ ನೆರೆಯವರಲ್ಲೇ ಕೆಲವರು ತಪ್ಪಾಗಿ ನೆನಪಿಟ್ಟುಕೊಂಡಿದ್ದರು. ಹರಳಿಗೆ ನಾಲ್ಕು ದಿನ ಕೊಟ್ಟು ಅವಳು ಮತ್ತೆ ಮಾಡಿದಳು. 97 ಬಂತು, ಅವಳ ಕೈಯಲ್ಲೇ. ಈಗ ನನ್ನ ಪ್ರಬಂಧದ ಕೋಷ್ಟಕದಲ್ಲಿ ಎಲ್ಲ ಅಂಕಿಗಳೂ ಇವೆ, ಪಕ್ಕದಲ್ಲಿ ಎಷ್ಟು ದಿನ ಹರಳಾಯಿತು ಎಂಬ ಇನ್ನೊಂದು ಸಾಲೂ ಇದೆ. ಕೋಷ್ಟಕ ಮೊದಲಿನಷ್ಟು ಚಂದವಾಗಿಲ್ಲ. ಆದರೆ ಅದನ್ನು ನೋಡಿಕೊಂಡು ಬೇರೆಯವರು ಕೆಲಸ ಮಾಡಬಹುದು.

*

ಇದರಿಂದ ನಾನು ಪ್ರಾಮಾಣಿಕಳೆಂದು ಸಾಬೀತಾಯಿತು ಎಂದೇನೂ ನಾನು ಹೇಳುತ್ತಿಲ್ಲ. ಆ ಭಾನುವಾರ ಅವಳು ಆ ಮಾತು ಆಡದಿದ್ದರೆ 97 ಹಾಗೇ ಅಚ್ಚಾಗುತ್ತಿತ್ತೇನೋ. ನಾನು ಚಪ್ಪಟೆಯಾಗಿದ್ದ ಎರಡು ವಾರ ನನ್ನ ಬದಿಯನ್ನು ಇಟ್ಟುಕೊಂಡಿದ್ದವಳು ಅವಳು, ಅವಳಿಗೇ ಗೊತ್ತಿಲ್ಲದೆ. ನಿಷ್ಠೆ ಎನ್ನುವುದು ಒಬ್ಬರೊಳಗೇ ಇರುವ ಗಟ್ಟಿ ಪದಾರ್ಥ ಎಂದು ನಾನು ಮೊದಲು ತಿಳಿದಿದ್ದೆ. ಈಗ ಅದು ಹೆಚ್ಚಾಗಿ ನಮ್ಮ ಮತ್ತು ನಮ್ಮನ್ನು ನಂಬಿದವರ ನಡುವೆ ಇರುವಂಥದ್ದು ಅನ್ನಿಸುತ್ತದೆ. ಮತ್ತೊಬ್ಬರ ಜೀವ, ಬದುಕು ನಮ್ಮ ಮೇಲೆ ನಿಂತಿರುವಲ್ಲಿ ತಪ್ಪುವ ದಾರಿಗಳನ್ನು ಮುಚ್ಚಲೇಬೇಕು. ಔಷಧದಲ್ಲೂ ಲೆಕ್ಕದಲ್ಲೂ. ಅದರಿಂದ ನಮ್ಮ ಗುಣಕ್ಕೆ ಅವಮಾನವಾಗುವುದಿಲ್ಲ. ಆದರೆ ಎಷ್ಟು ದಾರಿ ಮುಚ್ಚಿದರೂ ಒಂದು ಎಲ್ಲೋ ತೆರೆದೇ ಇರುತ್ತದೆ. ಅಲ್ಲಿ ಕಾವಲಿಗೆ ಇರುವುದು ನಾವೇ.

ಹೋದ ಸಲ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಅಮೈನೋ ಆಮ್ಲದ ಕಥೆ ಅವನಿಗೆ ಎಷ್ಟು ಹಿಡಿಸಿತೋ ಗೊತ್ತಿಲ್ಲ. ಹಳೆಯ ಮಾತನ್ನು ನೆನಪಿಸಿ, ಆ ಮಷೀನಿನ ಮೇಲೆ ಈಗಲೂ ಬೇಜಾರಿದೆಯೇ ಎಂದು ಕೇಳಿದೆ.

"ಮಷೀನು ಒಳ್ಳೇದೇ ಕಣಮ್ಮ" ಎಂದ. "ನಾನು ಮಾಡ್ಲಿಲ್ಲ ಅನ್ನೋದು ನಂಗೊತ್ತು. ಆದರೆ ಅರ್ಧ ಲೀಟ್ರು ತಂದು ಹಾಕೋರು ಬಂದು ಕೇಳಕ್ಕಾಗುತ್ತಾ? ಅವರ ಕೈಗೆ ಒಂದು ಚೀಟಿ ಸಿಕ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ. "ಆದರೆ ಮಷೀನ್ಗೆ ಹಾಕೋ ಮುಂಚೆ ಹಾಲನ್ನ ಚೆನ್ನಾಗಿ ಕಲಕ್ಬೇಕು. ಕಲಕ್ದೆ ಮೇಲಿಂದ ತಗೊಂಡ್ರೆ ಕೆನೆ ಬಂದು ಫ್ಯಾಟು ಜಾಸ್ತಿ ತೋರಿಸುತ್ತೆ, ತಳದಿಂದ ತಗೊಂಡ್ರೆ ಕಮ್ಮಿ. ಕಲಕಿದಾರೋ ಇಲ್ವೋ ಅಂತ ಮಷೀನು ನೋಡಲ್ಲ. ಅದು ಹಾಕಿದ್ದನ್ನ ಅಳೆಯುತ್ತೆ, ಅಷ್ಟೆ."

ಹಾಗಾದರೆ ಕಲಕುತ್ತಿದ್ದೆಯಾ ಎಂದು ನಾನು ಕೇಳಲಿಲ್ಲ. ಅಪ್ಪನ ಬಲಗೈ ಮಾತಾಡುವಾಗಲೇ, ಕಾಣದ ಕ್ಯಾನಿನೊಳಗೆ ಸೌಟು ತಿರುವುತ್ತಿತ್ತು.